ಹೆಸರಿಗೆ ಮುಂಚಿನ ಮೂರಕ್ಷರ

ಮಗುವಿನ ಹೆಸರೇನು ಎಂದು ಪಾದ್ರಿ ಕೇಳಿದ್ದಕ್ಕೆ ಅದರ ತಾಯಿ ಗಥೋನಿ ತಲೆವಸ್ತ್ರ ಸರಿಮಾಡಿಕೊಂಡು, ಹಿಂದಿನ ಬೆಂಚಿನವರಿಗೂ ಕೇಳುವಂತೆ, "ಪೌಲಿನ್ ಸಿಪಿಎ" ಎಂದಳು. ತನ್ನನ್ನೇ ಯಾರೋ ಕೂಗಿ ಕರೆದಂತಾಗಿ ನ್ಯಾಕಿಯೊ ಬೆಂಚಿನಿಂದ ಅರ್ಧ ಎದ್ದೇಬಿಟ್ಟಳು. ಮೊಣಕಾಲು ಮುಂದಿನ ಬೆಂಚಿಗೆ ಬಡಿದು ದೊಡ್ಡ ಸದ್ದಾಯಿತು. ಪಕ್ಕದಲ್ಲಿ ಕೂತಿದ್ದ ಅಮ್ಮ, ಮುಖ ಎತ್ತ ಕಡೆಯೂ ತಿರುಗಿಸದೆ, ಅವಳ ಸ್ವೆಟರಿನ ತುದಿ ಹಿಡಿದು ಮೆಲ್ಲಗೆ ಕೆಳಗೆಳೆದಳು. ಪಾದ್ರಿ ಈ ಕಡೆಗೆ ಹೊಸಬರು, ಹೋದ ತಿಂಗಳಷ್ಟೇ ವರ್ಗವಾಗಿ ಬಂದವರು. "ಏನಮ್ಮಾ ಅದು, ಇನ್ನೊಂದ್ಸಲ ಹೇಳು" ಅಂದರು. "ಸಿಪಿಎ, ಅಯ್ಯನವರೇ. ಇವಳ ಸೋದರತ್ತೆ ಹೆಸರು. ನ್ಯಾಕಿಯೊ ಅಂತಾನೇ ಇಡೋಣ ಅಂದ್ರೆ ಈ ದಿಣ್ಣೆ ಮೇಲೆ ಕಣ್ಮುಚ್ಚಿ ಕಲ್ಲೆಸೆದ್ರೂ ಒಬ್ಬ ನ್ಯಾಕಿಯೊಗೆ ತಾಗುತ್ತೆ. ಸಿಪಿಎ ಅಂದ್ರೆ ನಮ್ಮನೇ ಅಕ್ಕ ಒಬ್ರೇ." ಚರ್ಚಿಗೆ ಚರ್ಚೇ ನಕ್ಕಿತು. ಪಾದ್ರಿಯೂ ನಕ್ಕು, ಬಟ್ಟಲಿಗೆ ಬೆರಳದ್ದಿ, ಪೌಲಿನ್ ಸಿಪಿಎ, ನಿನಗೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದು ಶುರುಮಾಡಿದರು. ತಣ್ಣೀರು ನೆತ್ತಿಗೆ ಬಿದ್ದ ಕೂಡಲೇ ಹಸುಗೂಸು ಕಿರುಚಿಕೊಂಡಿತು. ನ್ಯಾಕಿಯೊಗೆ ತಾನೂ ಹಾಗೆ ಕಿರುಚಬೇಕು ಅನ್ನಿಸಿತು. ಆದರೆ ಮೂವತ್ತೆಂಟು ವರ್ಷದ ಹೆಂಗಸು, ನೈರೋಬಿಯಿಂದ ಬಂದವಳು, ಬೂಟು ಹಾಕಿಕೊಂಡವಳು ಹಾಗೆ ಮಾಡುವಂತಿಲ್ಲ. ಅವಳು ಹಲ್ಲು ಬಿಟ್ಟು ನಕ್ಕಳು. ಎಲ್ಲರೂ ತಿರುಗಿ ತಿರುಗಿ ನೋಡುತ್ತಿದ್ದರು.

ಮೂರನೆಯ ಹೆಣ್ಣಿಗೆ ಅಪ್ಪನ ಅಕ್ಕನ ಹೆಸರು ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ತಮ್ಮ ಗಿಚೂಹಿ ಮೊದಲ ಮಗಳಿಗೆ ಅಮ್ಮನ ಹೆಸರಿಟ್ಟಿದ್ದ, ಎರಡನೆಯವಳಿಗೆ ಹೆಂಡತಿಯ ಅಮ್ಮನ ಹೆಸರು. ಇನ್ನು ಸರದಿ ತನ್ನದೇ. ಬೆಳಿಗ್ಗೆ ಮತಾಟು ವ್ಯಾನಿನ ಕಿಟಕಿಗೆ ತಲೆ ಆನಿಸಿ, ಜೂನ್ ತಿಂಗಳ ಮಂಜಿನಲ್ಲಿ ಚಹಾ ತೋಟಗಳು ಒಂದೊಂದಾಗಿ ಮೇಲೆದ್ದು ಬರುತ್ತಿದ್ದಾಗ, ತನ್ನ ಹೆಸರು ಕೂಗಿದರೆ ಮುಖ ಹೇಗೆ ಇಟ್ಟುಕೊಳ್ಳಬೇಕು ಎಂದು ಅವಳು ಅಭ್ಯಾಸ ಕೂಡ ಮಾಡಿದ್ದಳು. ಇಲ್ಲಿ ಹೆಸರಿಡುವುದೆಂದರೆ ಬರೀ ಕರೆಯುವುದಕ್ಕಲ್ಲ. ಯಾರ ಹೆಸರೋ ಮಗು ಅವರೇ. ದೊಡ್ಡ ಮೊಮ್ಮಗಳು ಹಾಲು ಚೆಲ್ಲಿದರೆ ಅಮ್ಮ ತನ್ನನ್ನೇ ತಾನು ಬೈದುಕೊಳ್ಳುತ್ತಾಳೆ. ಅಡ್ಡಹೆಸರಿದ್ದರೆ ಅದೂ ಮುಂದಿನವರಿಗೆ ಹೋಗುತ್ತದೆ. ಕೆಳಗಿನ ಮನೆಯ ಕರಾನಿಯ ಅಜ್ಜ ಯಾವುದೋ ಕಾಲದಲ್ಲಿ ದೊರೆಗಳ ಕಚೇರಿಯಲ್ಲಿ ಗುಮಾಸ್ತ, ಅಂದರೆ ಕರಾನಿ. ಮೊಮ್ಮಗ ಶಾಲೆಯ ಮೆಟ್ಟಿಲು ಹತ್ತದೆ ದನ ಕಾಯುತ್ತಾನೆ, ಆದರೂ ಹುಟ್ಟಿದಾಗಿನಿಂದ ಕರಾನಿ. ಅದು ಯಾರಿಗೂ ತಮಾಷೆಯಾಗಿ ಕಂಡದ್ದಿಲ್ಲ. ಅಷ್ಟೆಲ್ಲ ಗೊತ್ತಿದ್ದೂ ತನ್ನ ಪಾಲಿಗೆ ಹೀಗಾಗಬಹುದೆಂದು ಯಾಕೆ ಹೊಳೆಯಲಿಲ್ಲ? ಮದುವೆಯಿಲ್ಲ, ಮಕ್ಕಳಿಲ್ಲ, ತನ್ನದು ಎನ್ನುವಂಥದ್ದು ಇನ್ನೊಂದು ಮೈಯಲ್ಲಿ ಈ ದಿಣ್ಣೆಯ ಮೇಲೆ ಓಡಾಡುತ್ತದಲ್ಲ ಎಂದು ದಾರಿಯುದ್ದಕ್ಕೂ ಹಿಗ್ಗುತ್ತ ಬಂದಿದ್ದಳು. ಓಡಾಡಲಿಕ್ಕೆ ಹೊರಟಿರುವುದು ತನ್ನ ಸುಳ್ಳು.

ಸುಳ್ಳು ಎಂದರೂ ಈಗ ಪೂರ್ತಿ ಸುಳ್ಳಲ್ಲ, ಅದೇ ತೊಡಕು. ಶುಕ್ರವಾರ ಮಧ್ಯಾಹ್ನ ಕಚೇರಿಯಲ್ಲಿ ಝೆರಾಕ್ಸ್ ಯಂತ್ರದ ಮುಂದೆ ನಿಂತಿದ್ದಾಗ ಕೈಯಲ್ಲಿದ್ದ ಫೋನು ನಡುಗಿತ್ತು. ಸಿಪಿಎ ಎಂಬ ಲೆಕ್ಕಿಗರ ಪದವಿಗೆ ಉಳಿದಿದ್ದ ಒಂದೇ ಪೇಪರು, ಲೆಕ್ಕಪರಿಶೋಧನೆಯದು, ಎಷ್ಟನೆಯ ಸಲವೆಂದು ಎಣಿಸುವುದನ್ನೂ ಬಿಟ್ಟು ಕೂತಿದ್ದು, ಪಾಸು. ಅವಳು ಯಂತ್ರದ ಮುಚ್ಚಳ ಎತ್ತಿದಳು, ಮುಚ್ಚಿದಳು, ಮತ್ತೆ ಎತ್ತಿದಳು. ಸಂತೋಷ ಬರುತ್ತದೆಂದು ಕಾದಳು. ಬರಲಿಲ್ಲ. ಪಕ್ಕದ ಮೇಜಿನ ಹುಡುಗಿ, ತನಗಿಂತ ಎಷ್ಟೋ ಚಿಕ್ಕವಳು, ಎಲ್ಲ ಪೇಪರನ್ನೂ ಒಂದೇ ಏಟಿಗೆ ಮುಗಿಸಿ ಬಂದವಳು, "ಅಯ್ಯೋ ಅಕ್ಕಾ, ಕೊನೆಗೂ! ನಿಮ್ಮ ಪಾರ್ಟಿಗೆ ಕಾದು ಕಾದು ನಮ್ಗೂ ತಲೆ ನೆರೀತಿತ್ತು" ಎಂದು ತಬ್ಬಿಕೊಂಡಳು. ಒಗುಟು ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು. ಅವರ ಬಾಗಿಲ ಮೇಲೆ ಸಿಪಿಎ ಒಗುಟು ಎಂದೇ ಬರೆದಿದೆ. ಡಾಕ್ಟರು ಹೆಸರಿಗೆ ಮುಂಚೆ ಡಾಕ್ಟರು ಎಂದು ಹಾಕಿಕೊಳ್ಳುವುದಿಲ್ಲವೇ, ಇಲ್ಲಿ ಲೆಕ್ಕಿಗರೂ ಹಾಗೆಯೇ. ಸಭೆಯಲ್ಲಿ ಕರೆಯುವವರು ಅದನ್ನು ಮರೆತರೆ ಕೆಲವರು ಮುಖ ಊದಿಸಿಕೊಳ್ಳುವುದೂ ಉಂಟು. "ಈಗ್ಲೇ ಹಾರಾಡಬೇಡಮ್ಮ" ಎಂದರು ಒಗುಟು, ನಗುತ್ತ. "ಪಾಸಾಗೋದು ಬೇರೆ, ಆಗೋದು ಬೇರೆ. ನೀನು ಕೆಲಸ ಕಲಿತ ವರ್ಷಗಳಿಗೆ ನಾನು ಸಹಿ ಹಾಕ್ಬೇಕು, ಲೆಕ್ಕಿಗರ ಸಂಸ್ಥೆಗೆ ಅರ್ಜಿ ಹೋಗ್ಬೇಕು, ಅವರು ಕೂತು ನೋಡಿ ಸದಸ್ಯೆ ಅಂತ ಸೇರಿಸ್ಕೋಬೇಕು. ಆಮೇಲೆ ಹೆಸರಿಗೆ ಮುಂಚೆ ಅದನ್ನ ಹಾಕ್ಕೋ. ಲೆಕ್ಕಪತ್ರಕ್ಕೆ ಸಹಿ ಹಾಕೋ ಲೈಸೆನ್ಸು ಅದಕ್ಕೂ ಆಚೆ, ಅದಕ್ಕೆ ಬೇರೆ ಸಂದರ್ಶನ. ಅಷ್ಟರೊಳಗೆ ಆತುರ ಬಿದ್ದು ಹಾಕ್ಕೊಂಡೆ ಅನ್ನು, ಕಾನೂನಲ್ಲಿ ಅಪರಾಧ. ಗೊತ್ತಲ್ಲ?" "ಗೊತ್ತು ಸಾರ್" ಎಂದಿದ್ದಳು. ಅವಳಿಗೆ ಗೊತ್ತಿದ್ದಷ್ಟು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಮೆಟ್ಟಿಲ ಬಳಿ ನಿಂತು ಅಮ್ಮನಿಗೆ ಫೋನು ಮಾಡಿದಳು. ಅತ್ತ ಕಡೆ ರಿಂಗಾಗುತ್ತಿದ್ದ ಹಾಗೆ ಏನು ಹೇಳುವುದು ಎಂಬ ಪ್ರಶ್ನೆ ಎದುರಿಗೆ ಬಂದು ನಿಂತಿತು. ಅಮ್ಮಾ, ಪಾಸಾದೆ. ಯಾವುದರಲ್ಲಿ? ಆರು ವರ್ಷದ ಹಿಂದೆಯೇ ಆಗಿ ಮುಗಿದದ್ದಕ್ಕೆ ಈಗ ಪಾಸಾಗುವುದು ಹೇಗೆ? ಅವಳು ಕಾಲ್ ಕತ್ತರಿಸಿದಳು. ಅಮ್ಮನೇ ತಿರುಗಿ ಮಾಡಿದಾಗ, "ಕೈ ತಾಗಿ ಹೋಯ್ತಮ್ಮ, ಭಾನುವಾರ ಬರ್ತೀನಿ" ಎಂದಳು. ಇಷ್ಟು ವರ್ಷ ಕಾದಿಟ್ಟ ಸಂತೋಷವನ್ನು ತಾನೇ ಎಂದೋ ಮುಂಗಡವಾಗಿ ತಿಂದು ಮುಗಿಸಿದ್ದೇನೆ ಎಂಬುದು ಆ ಮೆಟ್ಟಿಲ ಮೇಲೆ ಅವಳಿಗೆ ಮೊದಲ ಸಲ ಅರ್ಥವಾಯಿತು.

ತಿಂದದ್ದು ಗಿಚೂಹಿಯ ಮದುವೆಗೆ ಹೆಣ್ಣಿನ ತೆರದ ಮಾತುಕತೆ ನಡೆದ ದಿನ. ಗಥೋನಿಯ ಮನೆಯವರು ಮೂರು ಸಾಲು ಕುರ್ಚಿ ಹಾಕಿ ಕೂತಿದ್ದರು. ಅವರ ಕಡೆ ಒಬ್ಬ ಹೆಡ್‌ಮಾಸ್ಟರು, ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿ. ಇವರ ಕಡೆ ಹೇಳಿಕೊಳ್ಳುವುದಕ್ಕೆ ಏನೂ ಇರಲಿಲ್ಲ, ಚಿಕ್ಕಪ್ಪ ಮಥೆಂಗೆಯ ನಾಲಿಗೆಯೊಂದನ್ನು ಬಿಟ್ಟು. ಅವನು ಕೈಯಲ್ಲಿನ ಕೋಲನ್ನು ನೆಲಕ್ಕೆ ಕುಟ್ಟಿ, ಒಬ್ಬೊಬ್ಬರನ್ನೇ ಎಬ್ಬಿಸಿ ಪರಿಚಯ ಮಾಡಿಕೊಡುತ್ತ ಬಂದು, "ಇನ್ನು ಇವಳು, ಹುಡುಗನ ಅಕ್ಕ, ನೈರೋಬಿಯ ದೊಡ್ಡ ದೊಡ್ಡ ಕಂಪನಿಗಳ ಕಿವಿ ಹಿಂಡೋಳು, ಸಿಪಿಎ ನ್ಯಾಕಿಯೊ! ಏಳಮ್ಮಾ, ಅವರೂ ನೋಡ್ಲಿ" ಎಂದ. ಒಂದು ಪೇಪರು ಬಾಕಿಯಿತ್ತು. ಒಂದೇ ಒಂದು. ಬರೆದಾಗಿತ್ತು, ಫಲಿತಾಂಶ ಇನ್ನೇನು ಬರಬೇಕಿತ್ತು. ಅವಳು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಎದ್ದು ನಿಂತಳು, ಕೈ ಬೀಸಿದಳು, ಕೂತಳು. ಅತ್ತ ಕಡೆಯ ಕುರ್ಚಿಗಳಲ್ಲಿ ಒಂದು ಗುಜುಗುಜು ಹರಿದಾಡಿತು. ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡು ನೋಡಿದರು. ಫಲಿತಾಂಶ ಬಂತು, ಫೇಲು. ಅಷ್ಟು ಹೊತ್ತಿಗೆ ಪೇಟೆಯ ಟೊಮೆಟೊ ಮಾರುವವಳಿಂದ ಹಿಡಿದು ಮತಾಟುವಿನ ಕಂಡಕ್ಟರವರೆಗೆ ಎಲ್ಲರ ಬಾಯಲ್ಲೂ ಅವಳು ಸಿಪಿಎ ಆಗಿಹೋಗಿದ್ದಳು. ಸಿಪಿಎ, ಟೊಮೆಟೊ ಬೇಕಾ? ಸಿಪಿಎ, ಸ್ವಲ್ಪ ಜರುಗಿ ಕೂತ್ಕೊಳ್ಳಿ. ಆ ಪೇಪರಿನಲ್ಲಿ ಸಾಕ್ಷ್ಯದ ಬಗ್ಗೆ ಒಂದು ಅಧ್ಯಾಯವಿದೆ: ತನ್ನ ಬಗ್ಗೆ ತಾನೇ ಹೇಳಿದ್ದು ಎಲ್ಲಕ್ಕಿಂತ ದುರ್ಬಲವಾದ ಸಾಕ್ಷ್ಯ, ಹೊರಗಿನವರು ಹೇಳಿದ್ದಕ್ಕೆ ಹೆಚ್ಚು ತೂಕ. ಪ್ರತಿಸಲ ಅದನ್ನು ಓದುವಾಗ ಅವಳಿಗೆ ಒಂದು ಕೆಟ್ಟ ಸಮಾಧಾನವಾಗುತ್ತಿತ್ತು. ತಾನೆಲ್ಲಿ ಹೇಳಿದ್ದೇನೆ, ಹೇಳುತ್ತಿರುವವರು ಹೊರಗಿನವರಲ್ಲವೇ.

ಚರ್ಚಿನಿಂದ ಮನೆಗೆ ಬಂದಾಗ ಅಂಗಳದಲ್ಲಿ ಶಾಮಿಯಾನ ಏರಿತ್ತು. ಗಂಡಸರು ಅದರ ಕೆಳಗೆ ಕೂತು ಆಡಿನ ಮಾಂಸಕ್ಕೆ ಕಾಯುತ್ತಿದ್ದರು. ಮಥೆಂಗೆ ಚಿಕ್ಕಪ್ಪನಿಗೆ ಈಗ ಒಂದು ಕಣ್ಣು ಕಾಣಿಸುವುದಿಲ್ಲ, ನಾಲಿಗೆ ಮಾತ್ರ ಹಾಗೇ ಇದೆ. "ನೋಡ್ರಪ್ಪಾ, ಇಬ್ಬರು ಸಿಪಿಎ ಒಂದೇ ಅಂಗಳದಲ್ಲಿ! ದೊಡ್ಡದು ಲೆಕ್ಕ ಮಾಡುತ್ತೆ, ಚಿಕ್ಕದು ಉಚ್ಚೆ ಮಾಡುತ್ತೆ" ಎಂದು ಅವನು ಕೂಗಿದ್ದಕ್ಕೆ ಶಾಮಿಯಾನ ನಕ್ಕಿತು. ಗಿಚೂಹಿ ಅಕ್ಕನ ಹೆಗಲ ಮೇಲೆ ಕೈಹಾಕಿದ. ಅವನು ಅಷ್ಟು ಖುಷಿಯಾಗಿದ್ದದ್ದನ್ನು ಅವಳು ಈಚೆಗೆ ನೋಡಿರಲಿಲ್ಲ. "ನಿಂಗೆ ಹೇಳದೇ ಇಟ್ಕೊಂಡಿದ್ವಿ ಕಣೇ. ಗಥೋನಿ ಹಟ. ನಾಳೆ ನಾಡಿದ್ದರಲ್ಲಿ ಜನನ ಪ್ರಮಾಣಪತ್ರಕ್ಕೂ ಹೀಗೇ ಬರೆಸ್ತೀನಿ. ದೊಡ್ಡವಳಾದ್ಮೇಲೆ ಇವಳೂ ಸಿಪಿಎ ಆದ್ಲು ಅಂದ್ಕೋ, ಸಿಪಿಎ ಸಿಪಿಎ ಅಂತ ಎರಡು ಸಲ ಬರೀಬೇಕು!" ಅವನು ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕ. ನ್ಯಾಕಿಯೊಗೆ ಆ ಹುಡುಗಿ ಬೆಳೆದು ನಿಂತದ್ದು ಕಣ್ಣಿಗೆ ಕಟ್ಟಿತು: ಶಾಲೆಯಲ್ಲಿ ಹಾಜರಿ ಕೂಗುವಾಗ, ಕೆಲಸ ಕೇಳಲು ಹೋದಾಗ, ಯಾವನೋ ಒಬ್ಬ ಒಗುಟು ಹುಬ್ಬೇರಿಸಿ, ಇದೇನಮ್ಮ ಇದು, ಹೆಸರೋ ಪದವಿಯೋ ಎಂದು ಕೇಳುವುದು, ಅವಳು, ನಮ್ಮತ್ತೆ ಹೆಸರು ಸಾರ್ ಎನ್ನುವುದು, ಅವನು ಸಂಸ್ಥೆಯ ಸದಸ್ಯರ ಪಟ್ಟಿಯಲ್ಲಿ ಬೆರಳಾಡಿಸುತ್ತ, ಯಾವ ಅತ್ತೆ ಎನ್ನುವುದು. ಇವತ್ತೇ ನಿಲ್ಲಿಸಬೇಕು. ಬರೆಸುವ ಮುಂಚೆ ಗಥೋನಿಗೆ ಹೇಳಬೇಕು, ನ್ಯಾಕಿಯೊ ಅಂತಲೇ ಇಡಿ, ಇನ್ನೊಂದು ಕಲ್ಲಿಗೆ ಇನ್ನೊಬ್ಬಳಾಗಲಿ. ಯಾಕೆ ಎಂದು ಗಥೋನಿ ಕೇಳುತ್ತಾಳೆ. ಕೇಳಲಿ.

ಅಡುಗೆಮನೆ ಅಂಗಳದ ಆಚೆ, ಹಲಗೆಯ ಗೋಡೆಯ ಬೇರೆ ಕೋಣೆ. ಹೊಗೆಯಲ್ಲಿ ಚರ್ಚಿನ ಮಹಿಳಾ ಸಂಘದ ಹೆಂಗಸರೆಲ್ಲ ಅಲ್ಲೇ ಇದ್ದರು. ಒಬ್ಬಳು ಮುಕಿಮೊ ಕುಟ್ಟುತ್ತಿದ್ದಳು, ಆಲೂಗಡ್ಡೆ, ಜೋಳ, ಸೊಪ್ಪು ಒಂದಾಗಿ ಹಸಿರು ಮುದ್ದೆಯಾಗುತ್ತಿತ್ತು. ಇನ್ನೊಬ್ಬಳು ಚಪಾತಿ ತಿರುವಿ ಹಾಕುತ್ತಿದ್ದಳು. ಗಥೋನಿ ಮೂಲೆಯ ಮಣೆಯ ಮೇಲೆ ಕೂತು ಮಗುವಿಗೆ ಮೊಲೆ ಕೊಡುತ್ತಿದ್ದಳು. "ಬನ್ನಿ ಅಕ್ಕಾ, ನಿಮ್ಮನ್ನ ನೀವೇ ನೋಡ್ಕೊಳ್ಳಿ ಬನ್ನಿ. ಎಷ್ಟು ಹಸಿವು ಅಂತೀರ ಈ ಸಿಪಿಎಗೆ! ನಿಮ್ಮ ಮನೇಲಿ ಸಿಪಿಎ ಇದಾರೆ ಅಂತಾನೇ ನಮ್ಮಪ್ಪ ನನ್ನ ಕೊಡೋಕೆ ಒಪ್ಪಿದ್ದು, ಗೊತ್ತಾ? ಇಲ್ದಿದ್ರೆ ನಿಮ್ಮ ತಮ್ಮನ ಮುಖ ನೋಡಿ ಯಾರು ಕೊಡ್ತಿದ್ರು?" ನ್ಯಾಕಿಯೊ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೊಗೆ ಕಣ್ಣಿಗೆ ಹೊಡೆಯುತ್ತಿತ್ತು, ಅದು ಒಳ್ಳೆಯದಾಯಿತು. "ಗಥೋನಿ, ಆ ಹೆಸರಿನ ವಿಷಯ ಒಂದ್ಮಾತು..." ಎಂದು ಶುರುಮಾಡಿದಳು. ಅಷ್ಟರಲ್ಲಿ ಮುಕಿಮೊ ಕುಟ್ಟುತ್ತಿದ್ದ ನ್ಯಾಗುಥಿ, ಅಮ್ಮನ ಬಾಲ್ಯದ ಗೆಳತಿ, ಒನಕೆಯಂಥ ಆ ಕೋಲನ್ನು ನಿಲ್ಲಿಸಿ, ಬೆವರೊರೆಸಿಕೊಂಡು, ತುಂಬ ಸಲಿಗೆಯಿಂದ ಹೇಳಿದಳು: "ಒಳ್ಳೇ ಕೆಲಸ ಆಯ್ತು ಬಿಡು ಮಗಳೇ. ಇನ್ಮೇಲೆ ನಮ್ಮ ಬುಧವಾರದ ಪ್ರಾರ್ಥನೇಲಿ ನಿನ್ನ ಪರೀಕ್ಷೆ ಸಮಾಚಾರ ಎತ್ತೋ ಹಾಗಿಲ್ಲ. ದೇವರಿಗೂ ಸಾಕಾಗಿತ್ತು."

ಚಪಾತಿ ತಿರುವುತ್ತಿದ್ದ ಕೈ ನಿಂತಿತು. ಯಾರೋ ಕೆಮ್ಮಿದರು. ಗಥೋನಿ ತಲೆ ತಗ್ಗಿಸಿ, ಮಗುವಿನ ಕುಲಾವಿಯ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ತಗ್ಗಿಸಿದ ಆ ತಲೆಯೇ ಎಲ್ಲ ಹೇಳಿತು. ನ್ಯಾಕಿಯೊಗೆ ಮೊದಲು ಅರ್ಥವಾಗಲಿಲ್ಲ. ಬುಧವಾರದ ಪ್ರಾರ್ಥನೆ. ಎಷ್ಟು ಬುಧವಾರ? ಇವರೆಲ್ಲ, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಕಣ್ಣು ಮುಚ್ಚಿ, ಸ್ವಾಮಿ, ನಮ್ಮ ಗಿಚೂಹಿಯ ಅಕ್ಕನಿಗೆ ಆ ಪೇಪರು, ಎಂದು ಬೇಡಿಕೊಂಡು, ಕಣ್ಣು ತೆರೆದು, ಹೊರಗೆ ಬಂದು, ಗುರುವಾರದ ಸಂತೆಯಲ್ಲಿ, ಸಿಪಿಎ, ಟೊಮೆಟೊ ಬೇಕಾ? ಆ ಟೊಮೆಟೊ ಮಾರುವವಳು ಇದೇ ಕೋಣೆಯಲ್ಲಿದ್ದಾಳೆ, ಈಗ ಚಪಾತಿಯ ಹಿಟ್ಟನ್ನು ಬೆರಳಿಂದ ಕೆರೆದುಕೊಳ್ಳುತ್ತಿದ್ದಾಳೆ. ಆರು ವರ್ಷ ಅವಳು ಕರೆದಾಗಲೆಲ್ಲ ತಾನು ಕತ್ತು ಕೊಂಚ ವಾಲಿಸಿ, ದೊಡ್ಡವರ ಗತ್ತಿನಲ್ಲಿ ನಕ್ಕಿದ್ದೇನೆ. ಆ ನಗು ಅವರಿಗೆ ಹೇಗೆ ಕಂಡಿರಬಹುದು? ಒಂದೊಂದು ನಗುವೂ ಹಿಂದಕ್ಕೆ ಓಡಿಬಂದು ಮುಖಕ್ಕೆ ಹೊಡೆಯುತ್ತಿತ್ತು. ಮೋಸ ಮಾಡುತ್ತಿದ್ದೇನೆ ಎಂಬ ತಪ್ಪಿನ ಭಾರವನ್ನಾದರೂ ಅವಳು ತನ್ನದೆಂದು ಹೊತ್ತುಕೊಂಡಿದ್ದಳು. ಈಗ ಅದೂ ಇಲ್ಲ, ಯಾರಿಗೂ ಮೋಸವಾಗಿರಲಿಲ್ಲ. ಬಟ್ಟೆ ಹರಿದಿರುವುದು ತನಗೊಬ್ಬಳಿಗೇ ಗೊತ್ತಿಲ್ಲದೆ ಪೇಟೆಯೆಲ್ಲ ಸುತ್ತಿ ಬಂದವಳ ಹಾಗೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ಈ ನಿನ್ನ ಹಾಳು ಬಾಯಿ, ನ್ಯಾಗುಥಿ" ಎಂದು ಅಮ್ಮ ಎಲ್ಲಿಂದಲೋ ಬಂದಳು. ಮಗಳ ಮುಂಗೈ ಹಿಡಿದು ಅಡುಗೆಮನೆಯ ಹಿಂದಕ್ಕೆ, ಸೌದೆ ಪೇರಿಸಿದ್ದ ಕಡೆ ಕರೆದುಕೊಂಡು ಹೋದಳು. ಅಲ್ಲಿ ಹಸು ಕಟ್ಟಿತ್ತು, ಮಂಜು ಹನಿಹನಿಯಾಗಿ ಇಳಿಯುತ್ತಿತ್ತು. ಅಮ್ಮ ಒಂದು ದಿಮ್ಮಿಯ ಮೇಲೆ ಕೂತು, ಪಕ್ಕದ ದಿಮ್ಮಿಯನ್ನು ಸೆರಗಿನಂತಿದ್ದ ತನ್ನ ಲೇಸೊ ಬಟ್ಟೆಯಿಂದ ಒರೆಸಿ ಜಾಗ ಮಾಡಿದಳು. ನ್ಯಾಕಿಯೊ ಕೂರಲಿಲ್ಲ. "ಯಾವಾಗಿಂದ ಗೊತ್ತಮ್ಮ ನಿಂಗೆ?" ಎಂದು ಕೇಳಿದಳು.

"ಮೊದಲನೇ ವರ್ಷವೇ" ಅಂದಳು ಅಮ್ಮ. "ಪರೀಕ್ಷೆ ಕಾಲ ಬಂತು ಅಂದ್ರೆ ನೀನು ಊಟ ಬಿಡ್ತಿದ್ದೆ, ಹೈಸ್ಕೂಲಿನಿಂದ್ಲೂ. ಗಿಚೂಹಿ ಮದುವೆ ಆದ್ಮೇಲೂ ವರ್ಷಕ್ಕೆ ಎರಡು ಸಲ ಹಾಗೇ ಆಗೋದು. ಬಂದ್ರೆ ಕತ್ತಿನ ಎಲುಬು ಎದ್ದಿರೋದು, ಫೋನು ಮಾಡಿದ್ರೆ ಸಿಡಿಸಿಡಿ. ಎಲ್ಲಾ ಮುಗಿಸ್ದೋಳು ಯಾಕೆ ಹೀಗೆ ಒಣಗ್ತಾಳೆ ಅಂತ ಯೋಚನೆ ಮಾಡಿದೆ. ಹೆತ್ತೋಳಿಗೆ ಅಷ್ಟೂ ಗೊತ್ತಾಗಲ್ವಾ?"

"ಕೇಳ್ಬಹುದಿತ್ತಲ್ಲಮ್ಮ!"

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು. ಅದಕ್ಕೆ ದೇವರನ್ನೇ ಕೇಳ್ತಾ ಹೋದೆ. ಸಂಘದೋರನ್ನೂ ಸೇರಿಸ್ಕೊಂಡೆ, ಒಬ್ಬಳ ಕೂಗು ಸಾಲದು ಅನ್ನಿಸ್ತು. ಗಂಡಸರಿಗೆ ಹೇಳಿಲ್ಲ. ನಿನ್ನ ತಮ್ಮಂಗೂ ಗೊತ್ತಿಲ್ಲ, ಮಥೆಂಗೆಗಂತೂ ಸತ್ರೂ ಹೇಳಲ್ಲ." ಅಮ್ಮ ಕೈ ಚಾಚಿ ಅವಳ ಬೆರಳುಗಳನ್ನು ಹಿಡಿದುಕೊಂಡಳು. ಒರಟು ಅಂಗೈ, ಚಹಾ ಚಿಗುರು ಚಿವುಟಿ ಚಿವುಟಿ ಹೆಬ್ಬೆರಳ ತುದಿ ಕಪ್ಪಾಗಿತ್ತು. "ಈ ಮಗು ಹುಟ್ಟಿದಾಗ ಗಥೋನಿ ಹತ್ರ ನಾನೇ ಕೂತು ಮಾತಾಡ್ದೆ. ಆ ಹೆಸರು ನಿನ್ನ ಮೇಲೆ ಕೂತು ನಿನ್ನ ಹಿಂಡ್ತಾ ಇದೆ, ಅದನ್ನ ಇಳಿಸ್ಬೇಕು ಅಂತ. ಸುಮ್ನೆ ಇಳಿಸೋಕಾಗಲ್ಲ, ಊರು ಬಿಡಲ್ಲ. ಅದಕ್ಕೆ ಮಗು ಮೇಲೆ ಹಾಕಿದ್ವಿ. ಈಗ ಸಿಪಿಎ ಅಂದ್ರೆ ಅವಳು. ನೀನು ಬರೀ ನ್ಯಾಕಿಯೊ. ಇನ್ನು ಆ ಪುಸ್ತಕ ಎಲ್ಲಾ ಕಟ್ಟಿಡು, ಹೊಟ್ಟೆ ತುಂಬ ಊಟ ಮಾಡು, ನಿದ್ದೆ ಮಾಡು. ಅವಳು ದೊಡ್ಡವಳಾಗಿ ಮುಗಿಸ್ತಾಳೆ. ಮುಗಿಸದಿದ್ರೂ ಚಿಂತೆ ಇಲ್ಲ, ಹೆಸರಾದ್ರೂ ಸುಳ್ಳಾಗಲ್ವಲ್ಲ."

ಆರು ವರ್ಷದಲ್ಲಿ ಯಾರೂ ಅವಳಿಗೆ ಇಷ್ಟು ದೊಡ್ಡ ಕರುಣೆ ತೋರಿಸಿರಲಿಲ್ಲ. ಇಷ್ಟು ದೊಡ್ಡ ಅವಮಾನವನ್ನೂ ಮಾಡಿರಲಿಲ್ಲ. ಎರಡೂ ಒಂದೇ ಕೈಯಲ್ಲಿ ಬಂದದ್ದರಿಂದ ಅವಳಿಗೆ ಅಳಬೇಕೋ ಆ ಕೈ ಕೊಡವಬೇಕೋ ತಿಳಿಯಲಿಲ್ಲ. ಅವರು ತನ್ನ ಮೇಲಿನ ಆಸೆ ಬಿಟ್ಟಿದ್ದರು. ಯಾವಾಗ? ಶುಕ್ರವಾರಕ್ಕೆ ಎಷ್ಟು ಮುಂಚೆ? ಆಸೆ ಬಿಟ್ಟು, ಹಬ್ಬ ಮಾಡಿ, ಆಡು ಕೊಯ್ದು, ತನ್ನನ್ನೇ ಕರೆಸಿ ಕೂರಿಸಿದ್ದರು. ಒಮ್ಮೆಲೇ ಆಚೆಯಿಂದ ನುಗ್ಗಿಬಂದಂತೆ ಆ ಸಂತೋಷ, ಶುಕ್ರವಾರ ಬಾರದೆ ನಿಂತಿದ್ದು, ಈಗ ಬಂತು. ಹೇಳಬಹುದು! ಅಮ್ಮನಿಗೆ ಎಲ್ಲ ಗೊತ್ತು ಅಂದಮೇಲೆ ಹೇಳಬಹುದು. ಈ ಜಗತ್ತಿನಲ್ಲಿ ಈ ಸುದ್ದಿ ಹೇಳಬಹುದಾದ ಒಬ್ಬಳು ಸಿಕ್ಕಿದ್ದಳು, ಅದೂ ಅಮ್ಮ. ಅವಳು ಮಂಡಿಯೂರಿ, ಅಮ್ಮನ ಮೊಣಕಾಲು ಹಿಡಿದುಕೊಂಡು, "ಅಮ್ಮಾ, ನಾನು ಪಾಸಾದೆ. ಶುಕ್ರವಾರ ಬಂತು. ಆ ಪೇಪರು ಪಾಸಾಯ್ತಮ್ಮ!" ಎಂದಳು.

ಅಮ್ಮ ಅವಳನ್ನು ನೋಡಿದಳು. ಬೇಸರವಿಲ್ಲ, ಸಿಟ್ಟಿಲ್ಲ, ಜ್ವರದ ಮಗು ತನಗೆ ಜ್ವರವಿಲ್ಲ ಎಂದಾಗ ನೋಡುವ ನೋಟ. ನ್ಯಾಕಿಯೊಳ ಕೆನ್ನೆಗೆ ಅಂಟಿದ್ದ ಮಸಿಯನ್ನು ಹೆಬ್ಬೆರಳಿಂದ ಒರೆಸಿ, "ಆಯ್ತು ಮಗಳೇ" ಎಂದಳು. "ಆಯ್ತು. ಒಳ್ಳೇದಾಯ್ತು."

"ಇಲ್ಲಮ್ಮ, ನಿಜವಾಗ್ಲೂ! ನೋಡು, ಇಲ್ಲಿ, ಸಂದೇಶ..." ಅವಳು ಫೋನು ತೆಗೆದಳು. ಇಂಗ್ಲಿಷಿನ ಆ ಎರಡು ಸಾಲು ಮಂಜಿನಲ್ಲಿ ಬೆಳಗಿತು. ಅಮ್ಮ ಅದನ್ನು ಗೌರವದಿಂದ ನೋಡಿ, "ಒಳಗಿಡು, ಹನಿ ಬೀಳ್ತಿದೆ, ಹಾಳಾಗುತ್ತೆ" ಎಂದಳು. ಅಮ್ಮನಿಗೆ ಇಂಗ್ಲಿಷ್ ಬಾರದು, ಅವಳು ನಂಬುವಂತೆ ಓದಿ ಹೇಳಬಲ್ಲವನು ಶಾಮಿಯಾನದಲ್ಲಿದ್ದ ಗಿಚೂಹಿ. ಅವನಿಗೆ ತೋರಿಸಿದರೆ ಆರು ವರ್ಷವನ್ನೂ ತೋರಿಸಬೇಕು.

"ಹಾಗಾದ್ರೆ ನೀನೀಗ ನಿಜವಾದ ಸಿಪಿಎ ಆಗ್ಬಿಟ್ಯಾ?" ಅಮ್ಮ ಕೇಳಿದಳು. ಕೇಳಿದ್ದು ಮೆಲ್ಲಗೆ, ಸಿಕ್ಕಿಹಾಕಿಸುವ ಉದ್ದೇಶವೇನೂ ಅದರಲ್ಲಿರಲಿಲ್ಲ.

ಹೌದು ಎಂದರೆ ಮುಗಿಯುತ್ತಿತ್ತು. ಆರು ವರ್ಷ ಬಾಯಿ ಬಿಡದೆ ಸುಳ್ಳು ಸಾಕಿದವಳಿಗೆ ಒಂದು ಹೌದು ಏನು ಮಹಾ. ಆದರೆ ಇವತ್ತು, ಈ ಸೌದೆಯ ರಾಶಿಯ ಬಳಿ, ಕೂದಲೆಳೆಯಷ್ಟೂ ತಪ್ಪು ಹೇಳಬಾರದೆಂದು ಅವಳಿಗೆ ಹಟ ಬಂದುಬಿಟ್ಟಿತ್ತು. "ಇಲ್ಲಮ್ಮ, ಪಾಸಾದೆ. ಆದ್ರೆ ಇನ್ನೂ ಆಗಿಲ್ಲ. ಸಾಹೇಬ್ರು ಸಹಿ ಹಾಕ್ಬೇಕು, ಸಂಸ್ಥೆಗೆ ಅರ್ಜಿ ಹೋಗ್ಬೇಕು, ಅವರು ಸೇರಿಸ್ಕೊಂಡ್ಮೇಲೆ..." ಹೇಳುತ್ತ ಹೇಳುತ್ತಲೇ ತನ್ನ ಮಾತು ತನ್ನ ಕಿವಿಗೆ ಬಿತ್ತು. ಸುಳ್ಳುಗಾರರು ಮಾತಾಡುವುದು ಹೀಗೆಯೇ. ಇನ್ನೊಂದು ಸಹಿ, ಇನ್ನೊಂದು ತಿಂಗಳು. ಅವಳು ಅರ್ಧಕ್ಕೇ ನಿಲ್ಲಿಸಿದಳು.

"ಅದೇ ಮತ್ತೆ" ಎಂದಳು ಅಮ್ಮ, ತಲೆ ಸವರುತ್ತ. "ಇನ್ನೂ ಆಗಿಲ್ಲ. ನೀನೇ ಹೇಳ್ದೆ ನೋಡು, ಎಷ್ಟು ಹಗುರ ಆಯ್ತು. ಸಾಕು ಬಿಡು ಇನ್ನ."

ಆಮೇಲೆ ಅಮ್ಮ ಅವಳ ಕೈ ಹಿಡಿದೇ ಅಡುಗೆಮನೆಗೆ ವಾಪಸು ಕರೆದುಕೊಂಡು ಬಂದಳು. ಹೆಂಗಸರು ದೊಡ್ಡ ದನಿಯಲ್ಲಿ ಉಪ್ಪಿನ ಬಗ್ಗೆ ಮಾತಾಡುತ್ತಿದ್ದರು, ಅವರು ಒಳಗೆ ಬಂದ ಕೂಡಲೇ ಇನ್ನಷ್ಟು ದೊಡ್ಡ ದನಿಯಲ್ಲಿ ಮಾತಾಡಿದರು. ಗಥೋನಿ ಎದ್ದು, ನಿದ್ದೆಹೋಗಿದ್ದ ಮಗುವನ್ನು ನ್ಯಾಕಿಯೊಳ ತೋಳಿಗೆ ಕೊಟ್ಟಳು. ಅದು ಬೆಚ್ಚಗಿತ್ತು, ಹಾಲಿನ ವಾಸನೆ, ಮುಷ್ಟಿ ಬಿಗಿಹಿಡಿದಿತ್ತು. ಅಮ್ಮ ಬಗ್ಗಿ ಅದರ ಕಿವಿಯ ಬಳಿ, ಎಲ್ಲರಿಗೂ ಕೇಳಿಸುವ ಹಾಗೆ, "ಕೇಳಿಸ್ತಾ ಸಿಪಿಎ? ನಿಮ್ಮತ್ತೆ ಪಾಸಾದ್ಲಂತೆ ಕಣೇ" ಎಂದು, ತಲೆಯೆತ್ತಿ, ನ್ಯಾಗುಥಿಯ ಕಡೆ ಒಂದು ನೋಟ ನೋಡಿದಳು. ಆ ನೋಟದಲ್ಲಿ, ನಂಬಿದ ಹಾಗೆ ಮಾಡಿ ಎಂಬ ಒಂದು ಬೇಡಿಕೆಯಿತ್ತು. ನ್ಯಾಗುಥಿಗೆ ಅರ್ಥವಾಯಿತು, ಒಬ್ಬಳಿಂದ ಒಬ್ಬಳಿಗೆ ಹೊಗೆಯಲ್ಲಿ ಅದು ಕೋಣೆಯೆಲ್ಲ ದಾಟಿತು. "ಹಂಗೆ ಹೇಳಿ ಮತ್ತೆ!" ಎಂದು ನ್ಯಾಗುಥಿ ಕೋಲು ಕೆಳಗಿಟ್ಟಳು. "ಎಲ್ಲಿ, ಏಳಮ್ಮಾ ನ್ಯಾಕಿಯೊ, ಎದ್ದು ನಿಲ್ಲು, ನಾವೂ ನೋಡೋಣ!"

ಅವಳು ನಿಂತೇ ಇದ್ದಳು. ಆದರೂ ಮಗುವನ್ನು ಎದೆಗೆ ಒತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಇನ್ನೊಂದು ಕೈ ಎತ್ತಿ ಬೀಸಿದಳು. ಆ ದಿನ ಮೂರು ಸಾಲು ಕುರ್ಚಿಗಳ ಮುಂದೆ ಬೀಸಿದ ಹಾಗೆಯೇ. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು, ನಾಲಿಗೆ ಆಡಿಸಿ, ಹೆಣ್ಣುಮಗು ಹುಟ್ಟಿದರೆ ಕೂಗುವ ಹರ್ಷದ ಕೂಗನ್ನು ಮೂರು ಸಲ ಕೂಗಿದರು. ಹಲಗೆಯ ಗೋಡೆ ಅದುರಿತು. ಶಾಮಿಯಾನದಿಂದ ಮಥೆಂಗೆ, "ಏನ್ರೇ ಅದು, ಇನ್ನೊಂದು ಹುಟ್ತಾ?" ಎಂದು ಕೇಳಿದ. ಕೂಗುತ್ತಿದ್ದ ಒಬ್ಬರಾದರೂ ತನ್ನ ಕಣ್ಣಿಗೆ ಕಣ್ಣು ಕೊಡುತ್ತಾರೇನೋ ಎಂದು ನ್ಯಾಕಿಯೊ ಒಂದೊಂದೇ ಮುಖ ಹುಡುಕಿದಳು. ಎಲ್ಲರೂ ಮಗುವನ್ನು ನೋಡುತ್ತಿದ್ದರು.